ಎಡಗಾಲಿನ ಅಳತೆ

ಶೆಡ್ಡಿನಲ್ಲಿ ಯಾರೂ ಇಲ್ಲ ಅಂದುಕೊಂಡೇ ಪುಟ್ಟಮಲ್ಲಮ್ಮ ಟ್ರಾಕ್ಟರ್ ಹತ್ತಿದ್ದಳು.

ಹತ್ತುವುದೇ ಅವಳಿಗೊಂದು ಸಾಹಸ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ಬಲಗಾಲಿಗಿಂತ ಗಿಡ್ಡ. ಸೀರೆ ಎತ್ತಿಕಟ್ಟಿ, ಮಡ್‌ಗಾರ್ಡ್ ಹಿಡಿದು, ಹೇಗೋ ಸೀಟಿಗೆ ಬಂದು ಕೂತಳು. ಸ್ಟೀರಿಂಗ್ ಕೈಗೆ ಸಿಕ್ಕಿತು. ಗೇರು ಸಿಕ್ಕಿತು. ಎಡಗಡೆಯ ಕ್ಲಚ್ ಪೆಡಲ್ ಮಾತ್ರ...

ಕಾಲು ಚಾಚಿದಳು. ಹೆಬ್ಬೆರಳು ತಾಕಿತು, ಅಷ್ಟೇ. ಎರಡೂ ಕೈಯಿಂದ ಮಂಡಿ ಅದುಮಿದಳು. ಪೆಡಲ್ ಅಲುಗಲಿಲ್ಲ.

"ಥೂ, ದರಿದ್ರ ಕಾಲೇ!"

"ಕಾಲನ್ನ ಯಾಕೆ ಬಯ್ತೀರಿ ಅಮ್ಮಾರೆ? ತಪ್ಪು ಪೆಡಲ್ದು."

ಮಾತು ಬಂದದ್ದು ಟ್ರಾಕ್ಟರಿನ ಅಡಿಯಿಂದ! ಪುಟ್ಟಮಲ್ಲಮ್ಮ ಬಗ್ಗಿ ನೋಡಿದಳು. ಗೋಣಿಚೀಲದ ಮೇಲೆ ಮಲಗಿದ್ದವನೊಬ್ಬ ಮೆಲ್ಲಗೆ ಈಚೆ ಜಾರಿ ಎದ್ದು ಕೂತ. ಕೌದಳ್ಳಿಯ ರುದ್ರಸ್ವಾಮಿ. ಕೊಳ್ಳೇಗಾಲದ ವರ್ಕ್‌ಶಾಪಿನಿಂದ ಸರ್ವೀಸಿಗೆ ಬಂದಿದ್ದ ಮೆಕ್ಯಾನಿಕ್. ಹಣೆಯಿಂದ ಮೊಣಕೈವರೆಗೂ ಗ್ರೀಸು.

"ಎಷ್ಟೊತ್ತಿಂದ ನೋಡ್ತಾ ಇದ್ದೀಯ?"

"ನೋಡ್ಲಿಲ್ಲ. ಕೇಳುಸ್ಕಂಡೆ." ಅವನು ನಗಲಿಲ್ಲ. "ಉದ್ದ ಕಾಲಿನ ಗಂಡಸ್ರಿಗೆ ಅಂತ ಮಾಡಿರೋ ಪೆಡಲ್ ಇದು. ಮ್ಯಾಕೆ ಒಂದು ಮರದ ತುಂಡು ಕೂರ್ಸಿ, ಕೆಳಗಿನ ರಾಡು ಒಸಿ ತಿರುಗ್ಸಿದ್ರೆ ನಿಮ್ಮ ಕಾಲಿನ ತಾವೇ ಬತ್ತದೆ. ಎಡಗಾಲಿನ ಚಪ್ಪಲಿ ಕೊಟ್ರೆ ಅಳತೆ..."

"ನನ್ನ ಕಾಲಿನ ಸುದ್ದಿ ನಿಂಗ್ಯಾಕೆ? ಕರುಣೆ ಉಕ್ಕಿ ಬತ್ತಾ ಇದ್ರೆ ಗುಡಿ ಮುಂದೆ ಕುಂತಿರೋರಿಗೆ ತೋರ್ಸೋಗು!"

ಇಳಿದು, ಕಾಲೆಳೆಯುತ್ತಾ ಹೊರಟೇಹೋದಳು.

ಆ ಸಿಟ್ಟು ನಿಜವಾಗಿ ಅವನ ಮೇಲಿನದಲ್ಲ. ಅವಳ ಅಪ್ಪ, ಮುಳ್ಳೂರಿನ ಕೆಂಪನಂಜಪ್ಪ, ಆ ಸಣ್ಣ ಟ್ರಾಕ್ಟರನ್ನು ತಂದದ್ದು ಗದ್ದೆ ಉಳಲಿಕ್ಕೆ ಅಂತ ಊರು ತಿಳಿದಿದ್ದರೆ, ಊರಿಗೆ ಬುದ್ಧಿಯಿಲ್ಲ. ತಂದದ್ದು ಮಗಳಿಗೆ ಗಂಡು ಸಿಗಲಿ ಅಂತ. 'ಹೆಣ್ಣು ಕುಂಟಿಯಂತೆ, ಆದ್ರೆ ಜೊತೇಲಿ ಟ್ರಾಕ್ಟರ್ ಬತ್ತದಂತೆ' ಎಂಬ ಮಾತು ಸಂತೆಯಲ್ಲೆಲ್ಲಾ ಓಡಾಡುತ್ತಿತ್ತು. ಕೇಳಿ ಕೇಳಿ ಪುಟ್ಟಮಲ್ಲಮ್ಮನ ಕಿವಿ ಕಾದಿತ್ತು.

'ನನ್ನ ಬೆಲೆ ಮೇಲೆ ಒಂದು ಸಲ ನಾನೇ ಕೂತು ನೋಡಬೇಕು...' ಇದ್ದ ಆಸೆ ಅಷ್ಟೇ. ಅದಕ್ಕೂ ಕಾಲು ಎಟುಕಲಿಲ್ಲ.

ಮಾರನೆಯ ದಿನ ಯಳಂದೂರಿನ ಕಡೆಯಿಂದ ಗಂಡಿನವರು ಬಂದರು.

ಅವ್ವ ದೊಡ್ಡಬಸಮ್ಮ ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಕೈಗೆ ತಾಂಬೂಲದ ತಟ್ಟೆ ಕೊಟ್ಟು ಬಾಗಿಲ ಹಿಂದೆ ನಿಲ್ಲಿಸಿದ್ದಳು. ಬಂದವರು ಒಳಗೆ ಬರಲೇ ಇಲ್ಲ. ನೇರವಾಗಿ ಶೆಡ್ಡಿಗೆ ಹೋದರು! ಟೈರು ಒದ್ದು ನೋಡಿದರು. ಬಾನೆಟ್ ಎತ್ತಿಸಿದರು.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು.

"ಅವ್ವಾ, ಅವ್ರು ಹೆಣ್ಣು ನೋಡಕ್ ಬಂದವ್ರಾ?"

"ಸುಮ್ಕಿರವ್ವ," ಎಂದಳು ಅವ್ವ.

ಗಂಡು ಬಿಳಿ ಪಂಚೆ ಮೇಲೆ ಕಟ್ಟಿ ಸೀಟಿಗೆ ಹಾರಿದ. ಸರ್ವೀಸು ಮುಗಿಸಿ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ ರುದ್ರಸ್ವಾಮಿ ಅದನ್ನು ಕಂಡವನೇ ಓಡಿಬಂದ.

"ಅಣ್ಣೋ, ನಿಂತ್ಕಳಿ! ಆ ಪೆಡಲ್..."

ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕ್ಲಚ್ ಅದುಮಿದರೆ ಎಂಜಿನ್ನಿಗೂ ಚಕ್ರಕ್ಕೂ ನಂಟು ತಪ್ಪುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಎಲ್ಲಿ ಕೂಡಿಕೊಳ್ಳುತ್ತದೆ ಅನ್ನುವುದು ಓಡಿಸುವವನ ಕಾಲಿಗೆ ಗೊತ್ತಿರಬೇಕು. ಗಂಡು ಅರ್ಧ ಬಿಟ್ಟ, ಟ್ರಾಕ್ಟರ್ ಅಲುಗಲಿಲ್ಲ. ಸಿಟ್ಟಿನಿಂದ ಕಾಲು ಪೂರಾ ತೆಗೆದ. ಟ್ರಾಕ್ಟರ್ ನೆಗೆದು ನೇರವಾಗಿ ತಿಪ್ಪೆಗೆ ನುಗ್ಗಿತು, ಗಂಡು ಸಗಣಿಯಲ್ಲಿ ಬಿದ್ದ.

ಬೇರೆ ದಿನವಾಗಿದ್ದರೆ ಊರೇ ನಗುತ್ತಿತ್ತು.

ಗಂಡಿನ ಅಪ್ಪ ಬಗ್ಗಿ ನೋಡಿದ. ಕ್ಲಚ್ ಪೆಡಲಿನ ಮೇಲೆ ದಪ್ಪನೆಯ ಮರದ ತುಂಡೊಂದು ಬೋಲ್ಟು ಹಾಕಿ ಕೂತಿತ್ತು.

"ಓಹೋ! ಹೆಣ್ಣೂ ಕುಂಟು, ಗಾಡೀನೂ ಕುಂಟು! ಕುಂಟಿಗೆ ಎಂಟು ಚೇಷ್ಟೆ ಅನ್ನೋದು ಸುಳ್ಳಲ್ಲ. ನಡೀರ್ಲಾ!"

ಕೆಂಪನಂಜಪ್ಪ ಎಲ್ಲರ ಮುಂದೆಯೇ ರುದ್ರಸ್ವಾಮಿಯ ಕೆನ್ನೆಗೆ ಬಾರಿಸಿದರು.

"ಯಾರ್ನ ಕೇಳಿ ಮಾಡ್ದೆಯ್ಲಾ ಇದ್ನ? ಬೊಗಳು!"

ರುದ್ರಸ್ವಾಮಿ ಬಾಯಿ ತೆರೆದ... ಅಷ್ಟರಲ್ಲಿ ಪುಟ್ಟಮಲ್ಲಮ್ಮ ತಟ್ಟೆ ಬಿಸಾಕಿ ಅಂಗಳಕ್ಕೆ ಬಂದಿದ್ದಳು. ನಿನ್ನೆ ಬೈದದ್ದಕ್ಕೆ ಸೇಡು ತೀರಿಸಿಕೊಂಡಿದ್ದಾನೆ, ತನ್ನ ಕಾಲನ್ನು ಅಣಕಿಸಿದ್ದಾನೆ ಎಂದೇ ಅವಳು ನಂಬಿದ್ದಳು.

"ನಿಂಗೆ ಸಮಾಧಾನ ಆಯ್ತಾ? ನನ್ನಂಗೇ ಅದನ್ನೂ ಕುಂಟು ಮಾಡ್ಬುಟ್ಟು ಊರಿಗೆಲ್ಲಾ ತೋರಿಸ್ದೆ! ಎರಡು ಕಾಲು ನೆಟ್ಟಗಿದ್ರೆ ಏನ್ ಬಂತು? ನಿನ್ ಮನಸ್ಸೇ ಕುಂಟು ಕಣ!"

ಅವನು ಒಂದೇ ಒಂದು ಸಲ ಅವಳ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ತಪ್ಪಾಯ್ತು ಯಜಮಾನ್ರೆ."

ಅಷ್ಟೇ ಹೇಳಿ ಚೀಲ ಎತ್ತಿಕೊಂಡು ನಡೆದುಬಿಟ್ಟ. ಕೆಂಪನಂಜಪ್ಪ ವರ್ಕ್‌ಶಾಪಿಗೆ ಹೇಳಿ ಅವನ ಕೆಲಸವನ್ನೂ ಕಳೆದರು.

ಸಂಜೆ ಪುಟ್ಟಮಲ್ಲಮ್ಮ ಗುಂಡುಕಲ್ಲು ಹಿಡಿದು ಶೆಡ್ಡಿಗೆ ಹೋದಳು. ಆ ಮರದ ತುಂಡನ್ನು ಕುಟ್ಟಿ ಪುಡಿಮಾಡದೆ ಅವಳಿಗೆ ಅನ್ನ ಇಳಿಯುವಂತಿರಲಿಲ್ಲ.

ಕಲ್ಲೆತ್ತಿದವಳು ನಿಂತಳು.

ಮರದ ಮೇಲೆ ಕಾಲು ಜಾರದ ಹಾಗೆ ಸೈಕಲ್ ಟೈರಿನ ತುಂಡು ಹೊದಿಸಿತ್ತು. ಆ ಆಕಾರ... ಮುಂದೆ ಅಗಲ, ಹಿಂದೆ ಸಣ್ಣ, ಒಳಗಡೆಗೆ ಸ್ವಲ್ಪ ಸೊಟ್ಟ. ಅವಳ ಎಡಗಾಲಿನ ಚಪ್ಪಲಿಯದೇ ಆಕಾರ! ಚಪ್ಪಲಿ ಕಳಚಿ ತಿರುಗಿಸಿದಳು. ಅಟ್ಟೆಯ ಮೇಲೆ ಗ್ರೀಸಿನ ಹೆಬ್ಬೆಟ್ಟು ಎದ್ದು ಕಾಣುತ್ತಿತ್ತು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಯಾವಾಗಲೋ ತೆಗೆದುಕೊಂಡು ಹೋಗಿ, ಅಳತೆ ಮಾಡಿ, ಇದ್ದಲ್ಲೇ ಇಟ್ಟಿದ್ದ.

ಹತ್ತಿ ಕೂತಳು. ಕಾಲಿಟ್ಟಳು.

ಚಾಚಬೇಕಾಗಲಿಲ್ಲ. ಪೆಡಲ್ ತಾನಾಗಿ ಅವಳ ಪಾದದ ಕೆಳಗೇ ಇತ್ತು. ಒಂಚೂರು ಅದುಮಿದರೆ ಸಾಕು, ಇಳಿಯಿತು.

ಚಿಕ್ಕಂದಿನಿಂದ ಅವಳೇ ಎಲ್ಲಕ್ಕೂ ಹೊಂದಿಕೊಂಡಿದ್ದಳು. ಹೊಸಿಲಿಗೆ, ಬಾವಿಕಟ್ಟೆಗೆ, ಬಸ್ಸಿನ ಮೆಟ್ಟಿಲಿಗೆ, ಜನರ ಬಾಯಿಗೆ. ಅವಳಿಗೆ ಅಂತ ಹೊಂದಿಸಿದ ಮೊದಲನೆಯ ವಸ್ತು ಇದು. ಅದನ್ನು ಮಾಡಿದವನಿಗೆ ಅವಳು ಕೊಟ್ಟದ್ದೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸ್ಟೀರಿಂಗಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಆ ವರ್ಷ ಮುಳ್ಳೂರಿನ ಗದ್ದೆಯನ್ನು ಪುಟ್ಟಮಲ್ಲಮ್ಮ ಉತ್ತಳು. ಅಪ್ಪ ಬೇಡ ಅನ್ನಲು ಬಾಯಿ ತೆರೆದವರು ಮಗಳ ಮುಖ ನೋಡಿ ಮುಚ್ಚಿಕೊಂಡರು. ಜನ ಬದುವಿನ ಮೇಲೆ ನಿಂತು ಆಡಿಕೊಂಡರು, ಆಮೇಲೆ ಅವರಿಗೂ ಬೇಜಾರಾಯಿತು.

ಬೇಸಿಗೆಯ ಹೊತ್ತಿಗೆ ಕ್ಲಚ್ ಜಾರತೊಡಗಿತು. ಎಂಜಿನ್ ಕೂಗುತ್ತದೆ, ಚಕ್ರ ಮುಂದೆ ಹೋಗದು. ಬೇರೆ ಮೆಕ್ಯಾನಿಕ್ ಬಂದು ನೋಡಿ, "ಯಾವೋನು ಮಾಡ್ದೋನು ಇದ್ನ? ಬಿಚ್ಚಿ ಮೊದಲ್ನಂಗೇ ಮಾಡ್ಬುಡ್ತೀನಿ," ಎಂದ.

"ಮುಟ್ಬ್ಯಾಡಿ!" ಎಂದಳು.

ಎಡಗಾಲಿನ ಚಪ್ಪಲಿಯನ್ನು ಬಟ್ಟೆಯಲ್ಲಿ ಸುತ್ತಿ, ಕೌದಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಳು.

"ಅಯ್ಯೋ ಶಿವನೇ!" ಅವ್ವ ತಲೆ ಚಚ್ಚಿಕೊಂಡಳು. "ಏಟು ತಿಂದೋನಿಗೆ ಚಪ್ಪಲಿ ಕಳ್ಸುದ್ರೆ ಏನ್ ಅಂದ್ಕಂಡಾನು? ಮಾನ ಇರೋನು ಬಂದಾನಾ?"

"ಅವ್ರಿಗೆ ಗೊತ್ತಾಯ್ತದೆ ಕಣವ್ವ." ಹೇಳಿದಳೇನೋ ಸರಿ, ಬಸ್ಸು ಬಂದಾಗಲೆಲ್ಲಾ ಬಾಗಿಲಿಗೆ ಹೋಗಿ ನೋಡುತ್ತಿದ್ದಳು.

ಬಂದ. ಬಡಕಲಾಗಿದ್ದ. ಕಂಕುಳಲ್ಲಿ ಅದೇ ಗಂಟು.

"ಕೆನ್ನೆಗೆ ಬಿದ್ದದ್ದು ಸಾಲ್ದು ಅಂತ ಇದನ್ನೂ ಕಳಿಸ್ದ್ರಾ ಅಮ್ಮಾರೆ?"

"ಅಳತೆ ಮರ್ತಿರ್ತೀರೇನೋ ಅಂತ..." ಅವಳು ಗಂಟನ್ನು ಕೈಗೆ ತೆಗೆದುಕೊಂಡಳು. "ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಹೆಂಗ್ ಬಿಡ್ಲಿ? ಗಂಡಿನವ್ರು ನಿಂತಿದ್ರು. ನಿಮಗೋಸ್ಕರ ಮಾಡ್ದೆ ಅಂದಿದ್ರೆ, ನಾನೂ ನೀವೂ ಶೆಡ್ಡಲ್ಲಿ ಮಾತಾಡಿದ್ದು ಬಯಲಾಗೋದು. ನಿಮ್ಮ ಹೆಸರು ಸಂತೇಗೋಯ್ತಿತ್ತು. ನಿಮಗೆ ತೋರ್ಸಿ, ಬ್ಯಾಡ ಅಂದ್ರೆ ಬಿಚ್ಚಣ ಅಂತಿದ್ದೆ. ಅಷ್ಟ್ರಲ್ಲಿ ಅವ್ರು ಬಂದ್ರು. ಅವ್ರು ಬರೋದು ನಂಗೊತ್ತಿರ್ಲಿಲ್ಲ. ಮದ್ವೆ ಮುರೀಲಿ ಅಂತ ಮಾಡ್ಲಿಲ್ಲ, ಮಾದಪ್ಪನಾಣೆ. ಆದ್ರೆ... ಮುರಿದಾಗ ನಂಗೆ ಬ್ಯಾಸರಾನೂ ಆಗ್ಲಿಲ್ಲ."

ಪುಟ್ಟಮಲ್ಲಮ್ಮನ ಕಣ್ಣು ತುಂಬಿತು.

"ಆ ಮಾತು ನಾನು ಆಡ್ಬಾರ್ದಾಗಿತ್ತು."

"ಏಟು ಮರ್ತೆ. ಮಾತು ಮರ್ತಿಲ್ಲ."

"ಮರೀಬ್ಯಾಡಿ. ನಾನೂ ಮರೆಯಲ್ಲ." ಕಣ್ಣೊರೆಸಿಕೊಂಡಳು. "ಒಂದು ಮಾತು ಮೊದ್ಲೇ ಹೇಳ್ಬುಡ್ತೀನಿ. ಟ್ರಾಕ್ಟರ್ ಅಪ್ಪಂದು. ನನ್ ಜೊತೆ ಬರಲ್ಲ."

"ಬರೋದು ಬ್ಯಾಡ. ಬಂದ್ರೆ ನಾನು ಯಾವುದಕ್ಕೆ ಬಂದೆ ಅಂತ ನಿಮಗೆ ಸಾಯೋಗಂಟ ಅನುಮಾನ."

ಅವನು ಟ್ರಾಕ್ಟರಿನ ಅಡಿಗೆ ಜಾರಿದ. ಅವಳು ಸೀಟಿನಲ್ಲಿ ಕೂತಳು. ಜಗಲಿಯ ಮೇಲಿದ್ದ ಕೆಂಪನಂಜಪ್ಪ ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಒಂದು ಚೊಂಬು ಬಿಸಿನೀರು, ಒಂದು ತುಂಡು ಸೋಪು ಇಟ್ಟು ಹೋದರು.

"ಒತ್ತಿ ನೋಡಿ."

"ಗಟ್ಟಿ."

"ಈಗ?"

"ಒಸಿ... ಹ್ಞೂಂ. ಈಗ ಸರಿಯಾಯ್ತು."

"ಸರಿಯಾಯ್ತು ಅಂತ ಬುಡಂಗಿಲ್ಲ. ಒಳಗಿನ ಪ್ಲೇಟು ಸವೀತಾನೇ ಇರ್ತದೆ. ಆಗಾಗ ಯಾರಾದ್ರೂ ರಾಡು ತಿರುಗಿಸ್ತಾ ಇರ್ಬೇಕು."

"ಕೌದಳ್ಳಿ ದೂರ ಆಯ್ತದೆ," ಎಂದಳು ಪುಟ್ಟಮಲ್ಲಮ್ಮ. "ಇಲ್ಲೇ ಇದ್ಬುಡಿ."

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ಇರ್ತೀನಿ ಪುಟ್ಟಮಲ್ಲಿ. ಮೊದ್ಲು ಆ ಚಪ್ಪಲಿ ಮೆಟ್ಕೊ, ನೆಲ ಕಾದೈತೆ."