ಡೊಂಕು ಸಾಲಿನ ಮಣಿಪಟ್ಟಿ

ಲುಂಗಿಸಾನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವನ ಕೈ. ಅದು ನನ್ನ ಟ್ರೇಯಲ್ಲಿದ್ದ ಹಳೆಯ ಕೊರಳ ಮಣಿಪಟ್ಟಿಯ ಕಡೆ ನಿಧಾನವಾಗಿ ಹೋಗುತ್ತಿತ್ತು. ಹಿಂದೆಮುಂದೆ ನೋಡದೆ ಅದಕ್ಕೊಂದು ಪೆಟ್ಟು ಕೊಟ್ಟೆ.

"ಅಯ್ಯಯ್ಯೋ! ಮ್ಯೂಸಿಯಂನಲ್ಲಿ ಹೊಡೀತಾರೆ ಅಂತ ಬಾಗಿಲಲ್ಲಿ ಬರೆದಿರ್ಲಿಲ್ವಲ್ಲ."

"ಮುಟ್ಟಬಾರದು ಅಂತ ಬರೆದಿತ್ತು. ಓದಿದ್ರಾ?"

"ಓದ್ದೆ. ಬೇರೆಯವರಿಗೆ ಅಂದ್ಕೊಂಡೆ."

ಆಮೇಲೆ ಮುಖ ನೋಡಿದೆ. ಐವತ್ತರ ಹತ್ತಿರದ, ಬಿಸಿಲಿನಲ್ಲಿ ಬೆಂದ ಮುಖ. ನಗು ಮಾತ್ರ ಕದ್ದು ಸಕ್ಕರೆ ತಿಂದ ಹುಡುಗನದು. ಮೈಯಿಂದ ಉಣ್ಣೆಯ ಜಿಡ್ಡಿನ ವಾಸನೆ ಬರುತ್ತಿತ್ತು. ಊರೂರು ಅಲೆದು ಕುರಿಗಳ ಉಣ್ಣೆ ಕತ್ತರಿಸುವವನಂತೆ. ನಾನು ಕೈಗವಸು ಕೊಟ್ಟೆ. ಎಲ್ಲಕ್ಕಿಂತ ದೊಡ್ಡದನ್ನೇ ಕೊಟ್ಟರೂ ಹೆಬ್ಬೆರಳ ಹತ್ತಿರ ಪರ್ ಎಂದು ಹರಿಯಿತು.

"ಕಣ್ಣಲ್ಲಿ ನೋಡಿ ಸಾಕು," ಎಂದೆ.

"ಕಣ್ಣಿಗೂ ಗವಸು ಬೇಕಾ?" ಎಂದು ಕೇಳಿ, ಮಣಿಪಟ್ಟಿಯನ್ನು ನೋಡುವುದು ಬಿಟ್ಟು ನನ್ನನ್ನು ನೋಡಿದ. ನಾನು ಟ್ರೇಯನ್ನು ಅವನ ಕಡೆ ತಳ್ಳಿದೆ.

ನಮ್ಮ ಕಡೆ ಹೆಸರಿಗಿಂತ ಮೊದಲು ಕುಲ ಕೇಳುತ್ತೇವೆ, ಗೌರವಕ್ಕೆ ಕುಲದ ಹೆಸರಿನಿಂದಲೇ ಕರೆಯುತ್ತೇವೆ. ನಾನೂ ಕೇಳಿದೆ.

"ಭೇಲೆ. ನೀವು?"

"ಮ್ಪಿಂಗಾ."

"ಸದ್ಯ!" ಎಂದ.

ಒಂದೇ ಕುಲವಾಗಿದ್ದರೆ ಆ ಕ್ಷಣದಿಂದ ಅಣ್ಣ ತಂಗಿ ಆಗಿಬಿಡುತ್ತಿದ್ದೆವು, ಅಲ್ಲಿಗೆ ಮುಗಿಯಿತು. ಅವನೇನೋ ತಮಾಷೆಗೆ ಅಂದಿರಬೇಕು. ಆದರೆ ಆ ಒಂದು ಮಾತು ಸಂಜೆ ನನ್ನ ಜೊತೆ ಮನೆಗೆ ಬಂತು, ನಾನು ಸಾರು ಕುದಿಸುವಾಗ ಪಕ್ಕದಲ್ಲೇ ನಿಂತಿತ್ತು.

ಮನೆ ಎಂದರೆ ಚರ್ಚಿನ ಹಿಂದೆ ಬಾಡಿಗೆಗೆ ಹಿಡಿದ ಒಂದು ಕೋಣೆ. ಒಬ್ಬಳಿಗೆ ಅಡುಗೆ ಮಾಡುವುದು ಬಹಳ ಕಷ್ಟದ ಕೆಲಸ, ಎಷ್ಟು ಕಡಿಮೆ ಮಾಡಿದರೂ ಉಳಿಯುತ್ತದೆ. ರೇಡಿಯೋ ಹಾಕಿಡುತ್ತೇನೆ. ಸತ್ತವರ ಹೆಸರು ಓದುವ ಹೊತ್ತಿಗೆ ಮಾತ್ರ ಆರಿಸುತ್ತೇನೆ.

ಹಗಲು ಮ್ಯೂಸಿಯಂ. ಬಟರ್‌ವರ್ತ್ ಊರಿನ ಹಳೆಯ ಧಾನ್ಯದ ಗೋದಾಮಿನಲ್ಲಿ ಸಾಲಾಗಿ ಡ್ರಾಯರುಗಳು, ಅವುಗಳೊಳಗೆ ಬಿಳಿ ಕಾಗದದ ಮೇಲೆ ಮಲಗಿರುವ ಮಣಿಗಳು. ಎಂದೋ ಯಾರೋ ಹುಡುಗಿಯರು ಯಾರೋ ಹುಡುಗರಿಗೆಂದು ಕೂತು ಪೋಣಿಸಿದ್ದು. ಇಂಥ ಪಟ್ಟಿಯನ್ನು ಹುಡುಗ ಕೊರಳಿಗೆ ಹಾಕಿಕೊಂಡು ಕುಣಿಯಲು ಬಂದರೆ, ಇವನಿಗೊಬ್ಬಳಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ಹುಡುಗನೂ ಇಲ್ಲ, ಹುಡುಗಿಯೂ ಇಲ್ಲ, ಅವಳ ಹೆಸರು ಕೂಡ ಇಲ್ಲ. ಚೀಟಿಯಲ್ಲಿ 'ಹೆಣ್ಣುಮಕ್ಕಳ ಕೆಲಸ, ಕೇಯ್ ನದಿಯಾಚೆ' ಎಂದಷ್ಟೇ ಇರುತ್ತದೆ. ಸೋತ ದಾರಕ್ಕೆ ಹೊಸ ದಾರ ಕೊಡುವುದು ನನ್ನ ಕೆಲಸ. ಬೇರೆಯವರ ಪ್ರೀತಿಗೆ ಹೊಲಿಗೆ ಹಾಕಿಕೊಂಡೇ ನನಗೆ ನಲವತ್ತು ದಾಟಿತು.

ಲುಂಗಿಸಾ ಮುಂದಿನ ಶುಕ್ರವಾರ ಬಂದ. ಅದರ ಮುಂದಿನ ಶುಕ್ರವಾರವೂ ಬಂದ. ಪ್ರತಿಸಲ ಅದೇ ಡ್ರಾಯರು ಕೇಳುತ್ತಿದ್ದ, ನೀಲಿ ಬಿಳಿ ಮಣಿಗಳ ಅದೇ ಪಟ್ಟಿ. ಬರುವ ಮೊದಲು ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದಿರುತ್ತಿದ್ದ. ಮುಟ್ಟಲು ಬಿಡುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ತೊಳೆಯುತ್ತಾನೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

"ಅಂಚು ಹೆಂಗೆ ತಿರುಗಿಸಿದ್ದಾರೆ ಇಲ್ಲಿ?" ಎಂದು ಬಗ್ಗಿ ಕೇಳುವ.

ನಾನು ಸೂಜಿಯ ತುದಿಯಿಂದ ತೋರಿಸುವೆ. ಅವನು ಉಸಿರು ಹಿಡಿದು ನೋಡುವ. ಹಾಗೆ ಬಗ್ಗಿದಾಗ ನಮ್ಮಿಬ್ಬರ ತಲೆಗಳು ಹತ್ತಿರ ಬರುತ್ತಿದ್ದವು. ಅವನ ಕಿವಿಯ ಮೇಲಿನ ಬಿಳಿ ಕೂದಲು ಕಾಣುತ್ತಿತ್ತು. ನಾನು ವಿವರಿಸಬೇಕಾದ್ದಕ್ಕಿಂತ ಹೆಚ್ಚು ವಿವರಿಸುತ್ತಿದ್ದೆ.

ಒಂದು ದಿನ ತಡೆಯದೆ ಕೇಳಿಯೇ ಬಿಟ್ಟೆ. "ಇಷ್ಟೆಲ್ಲ ಯಾಕೆ ಭೇಲೆ? ಪುಸ್ತಕ ಬರೀತೀರಾ?"

"ನಮ್ಮಕ್ಕನ ಮಗ ಗುಡ್ಡದಲ್ಲಿ ದೀಕ್ಷೆ ಮುಗಿಸಿ ಗಂಡಸಾಗಿ ಇಳಿದು ಬರ್ತಾನಲ್ಲ, ಆ ಹಬ್ಬಕ್ಕೆ. ಅವನಪ್ಪ ಇಲ್ಲ. ಸೋದರಮಾವ ನಾನೇ ಎದ್ದು ನಿಂತು ಬುದ್ಧಿ ಹೇಳ್ಬೇಕು. ಬರೀ ಕೊರಳಲ್ಲಿ ನಿಲ್ಲೋಕಾಗುತ್ತಾ?"

"ಬಸ್ ಸ್ಟ್ಯಾಂಡ್ ಹತ್ರ ಮಾರ್ತಾರೆ."

"ಪ್ಲಾಸ್ಟಿಕ್ಕು. ನಾಯಿ ಕೊರಳಿಗೂ ಅದನ್ನೇ ಕಟ್ತಾರೆ."

"ಹಾಗಾದ್ರೆ ಯಾರು ಮಾಡ್ಕೊಡ್ತಾರೆ?" ಎಂದೆ. ಎಷ್ಟು ಸಹಜವಾಗಿ ಕೇಳಬೇಕೆಂದುಕೊಂಡಿದ್ದೆನೋ ಅಷ್ಟು ಸಹಜವಾಗಿ ಬರಲಿಲ್ಲ.

ಅವನು ತಲೆ ತಗ್ಗಿಸಿದ. "ಮಾಡ್ತಾ ಇದ್ದಾರೆ."

"ಒಳ್ಳೇ ಕೈನಾ?"

"ಕೆಟ್ಟ ಕೈ. ದಾರ ಎಳೀಬೇಕಾದ ಕಡೆ ಬಿಡ್ತಾರೆ, ಬಿಡ್ಬೇಕಾದ ಕಡೆ ಎಳೀತಾರೆ."

"ಯಾರು ಅಂತ ಕೇಳ್ಬಹುದಾ?"

"ನಿಮಗೆ ಗೊತ್ತಿಲ್ಲದವರೇನಲ್ಲ," ಎಂದು ನಕ್ಕ.

ಅಂದು ಸಂಜೆ ಊರಿನ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದೆ. ಬೇಕರಿಯ ವಿಧವೆಯೇ? ಕ್ಲಿನಿಕ್ಕಿನ ನರ್ಸೇ? ಯಾರಾದರೇನು, ನನ್ನದೇ ಡ್ರಾಯರಿನಿಂದ ನನ್ನದೇ ಬಾಯಿಂದ ಕಲಿತುಕೊಂಡು ಹೋಗಿ ಅವಳಿಗೆ ಹೇಳಿಕೊಡುತ್ತಿದ್ದಾನೆ. ನನಗೆ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡಲು ನನಗೆ ನಾಚಿಕೆಯೂ ಆಯಿತು. ಮುಂದಿನ ಶುಕ್ರವಾರ ಡ್ರಾಯರು ತೆಗೆದುಕೊಟ್ಟು, ಬೆನ್ನು ತಿರುಗಿಸಿ ಕೂತೆ. ಅವನು ಸ್ವಲ್ಪ ಹೊತ್ತು ಕಾದು, ಹೋಗಿ ಬರುತ್ತೇನೆ ಎಂದು ಹೇಳಿ ಹೋದ.

ಅವನಿಲ್ಲದ ಕೋಣೆಯಲ್ಲಿ ಫ್ಯಾನಿನ ಸದ್ದು ಅಷ್ಟು ಜೋರಾಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಹಬ್ಬಕ್ಕೆ ಒಂದು ವಾರ ಇದ್ದಾಗ ಅವನು ಉಣ್ಣೆ ಕತ್ತರಿಯ ಚೀಲ ಹಿಡಿದು ಬಂದ. ಈ ಸಲ ಡ್ರಾಯರು ಕೇಳಲಿಲ್ಲ. ಚೀಲದೊಳಗಿಂದ ಹಳೆಯ ಟವೆಲ್ಲಿನಲ್ಲಿ ಸುತ್ತಿದ್ದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

"ಇಲ್ಲಿ ಸಿಕ್ಕಾಕ್ಕೊಂಡಿದೆ ಮ್ಪಿಂಗಾ. ಮುಂದಕ್ಕೆ ಹೋಗ್ತಾ ಇಲ್ಲ."

ಅಂಥ ಕೆಲಸ ನಾನು ಜನ್ಮದಲ್ಲಿ ನೋಡಿರಲಿಲ್ಲ. ನೀಲಿ ಸಾಲು ಗುಡ್ಡ ಹತ್ತುವ ಮೇಕೆಯಂತೆ ಎಲ್ಲಿಂದೆಲ್ಲಿಗೋ ಹೋಗಿತ್ತು. ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಮುದುಡಿತ್ತು. ಅವಳು ಯಾರೇ ಇರಲಿ, ಇಂಥ ಕೈ ಇಟ್ಟುಕೊಂಡು ಅವನನ್ನು ಗೆದ್ದಳಲ್ಲ ಎಂದು ಇನ್ನಷ್ಟು ಉರಿಯಿತು. ಆಮೇಲೆ ದಾರದ ಮೇಲೆ ಅಲ್ಲಲ್ಲಿ ಕಂದು ಕಲೆ ಕಂಡೆ. ಒಣಗಿದ ರಕ್ತ. ತಲೆಯೆತ್ತಿ ಅವನ ಕೈ ನೋಡಿದೆ. ಹೆಬ್ಬೆರಳ ತುಂಬ ಸೂಜಿ ಚುಚ್ಚಿದ ಗುರುತು.

"ನೀವಾ?"

ಅವನು ಕಿಟಕಿಯ ಕಡೆ ನೋಡಿದ.

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಎಷ್ಟೋ ದಿನಗಳಿಂದ ಎದೆಯಲ್ಲಿ ಕೂತಿದ್ದ ಬೇಕರಿಯ ವಿಧವೆ, ನರ್ಸು ಎಲ್ಲರೂ ಆ ನಗುವಿನಲ್ಲಿ ಎದ್ದು ಹೋದರು.

"ನಗಿ, ನಗಿ," ಎಂದ. "ಗಂಡಸಿಗೆ ಹೆಣ್ಣು ಮಾಡ್ಕೊಡೋ ಪಟ್ಟಿನ ಗಂಡಸೇ ಮಾಡ್ಕೊಂಡ ಅಂತ ಗೊತ್ತಾದ್ರೆ ನಮ್ಮೂರವರೂ ನಗ್ತಾರೆ. ನಮ್ಮಲ್ಲಿ ಝೊಲಿಲೆ ಅಂತ ಒಬ್ಬ ಮುದುಕ ಇದ್ದಾನೆ. ಯಾರಾದ್ರೂ ಮಾತಾಡೋಕೆ ಎದ್ರೆ ಸಾಕು, 'ನಿನ್ನ ಕೊರಳಿಗೆ ಯಾರಪ್ಪಾ ಹಾಕಿದ್ದು?' ಅಂತ ಕೇಳೋ ಚಾಳಿ. ಪಟ್ಟಿ ಮಾಡ್ಕೊಟ್ಟವಳು ಹೆಂಗಸರ ಕಡೆಯಿಂದ ಎದ್ದು ಕೂಗು ಹಾಕ್ಬೇಕು, ಆಮೇಲೇ ಮಾತು. ನಾನು ಇಷ್ಟು ವರ್ಷ ಏನೋ ಒಂದು ನೆಪ ಹೇಳಿ ತಪ್ಪಿಸ್ಕೊಂಡೆ. ಈ ಸಲ ತಪ್ಪಿಸ್ಕೊಂಡ್ರೆ ಅಪ್ಪನಿಲ್ಲದ ಹುಡುಗ ಒಬ್ಬನೇ ನಿಂತಿರ್ತಾನೆ."

"ಕೇಳಿದ್ರೆ ಏನಂತೀರಿ?"

"ಗೊತ್ತಿಲ್ಲ. ಸತ್ಯ ಹೇಳ್ತೀನಿ. ನಗ್ತಾರೆ. ಮುಗೀತದೆ."

"ಕೊಡಿ ಇಲ್ಲಿ. ಬಿಚ್ಚಿ ಹೊಸದಾಗಿ ಮಾಡ್ಕೊಡ್ತೀನಿ."

ಅದು ನನ್ನ ಗುಟ್ಟಿನ ಕಸುಬು. ಈ ಸುತ್ತಮುತ್ತಲ ಊರುಗಳ ಅರ್ಧ ಗಂಡಂದಿರ ಕೊರಳಲ್ಲಿರುವುದು ನನ್ನ ಕೈಕೆಲಸವೇ. ಹೆಂಡತಿಯರು ಹಿಂಬಾಗಿಲಿಂದ ಬಂದು ಮಾಡಿಸಿಕೊಂಡು, ಮುಂಬಾಗಿಲಲ್ಲಿ ತಾವೇ ಮಾಡಿದ್ದು ಎನ್ನುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನನ್ನವನು ಎಂದು ಒಬ್ಬನಿಗೆ ನಾನು ಇದುವರೆಗೆ ಒಂದು ಮಣಿಯನ್ನೂ ಪೋಣಿಸಿಲ್ಲ.

ಅವನು ಪಟ್ಟಿಯ ಮೇಲೆ ಕೈಯಿಟ್ಟ. "ನೀನು ಮಾಡಿದ್ರೆ ಅದು ನಿನ್ನದು. ನಿನ್ನ ಕೈ ಯಾರಿಗೆ ಗೊತ್ತಾಗಲ್ಲ? ಆಗ ಮುದುಕ ಕೇಳಿದ್ರೆ ನಾನು ನಿನ್ನ ಹೆಸರು ಹೇಳ್ಬೇಕು." ಮೊದಲ ಸಲ ನೀನು ಎಂದಿದ್ದ. ಸ್ವಲ್ಪ ತಡೆದು ಕೇಳಿದ, "ಹೇಳ್ಲಾ?"

ನಾನು ಸೂಜಿ ಹುಡುಕತೊಡಗಿದೆ.

ಹಿಂದೊಮ್ಮೆ ನನ್ನ ಹೆಸರು ಹೀಗೆ ಊರಿನ ಬಾಯಿಗೆ ಬಿದ್ದಿತ್ತು. ಒಬ್ಬನ ಮನೆಯ ಹಿರಿಯರು ಮದುವೆಯ ಮಾತಿಗೆಂದು ಬಂದು, ನನ್ನಮ್ಮನ ಕೈಯ ಟೀ ಕುಡಿದು ಹೋದವರು ಮತ್ತೆ ಬರಲೇ ಇಲ್ಲ. ಊರು ಮಾತ್ರ ಕಂಡಕಂಡಲ್ಲಿ ಕೇಳುತ್ತಲೇ ಇತ್ತು, ಯಾವಾಗ ನೊಬಾಂಟು, ಯಾವಾಗ? ಆ ಪ್ರಶ್ನೆ ಹೊತ್ತುಕೊಂಡೇ ಅಮ್ಮ ತೀರಿಕೊಂಡಳು. ಇನ್ನೊಮ್ಮೆ ಯಾರ ಬಾಯಿಗೂ ಸಿಗಬಾರದೆಂದು ನಾನು ಡ್ರಾಯರುಗಳ ನಡುವೆ ಬಂದು ಕೂತವಳು.

ಹೇಳು ಎನ್ನಬೇಕೆಂದು ಬಾಯಿ ತೆರೆದೆ. "ಗಂಟು ಬಿಡಿಸ್ಕೊಡ್ತೀನಿ," ಎಂದೆ.

ಬಿಡಿಸಿಕೊಟ್ಟೆ. ಅವನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. "ಶನಿವಾರ ಬನ್ನಿ, ಮಾಂಸದೂಟ ಇರುತ್ತೆ," ಎಂದ. ನಾನು ಮತ್ತೆ 'ನೀವು' ಆಗಿದ್ದೆ. ಆ ವಾರ ನಾನು ಮಾಡಿದ ಅಡುಗೆಯೆಲ್ಲ ಉಳಿಯಿತು.

ಶನಿವಾರ ಅವನ ಊರಿಗೆಂದು ತ್ಸೊಮೊ ದಾರಿಯ ಟ್ಯಾಕ್ಸಿ ಹಿಡಿದೆ. ಹೋಗಬಾರದೆಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಲೇ ಹೋದೆ.

ಅಂಗಳದಲ್ಲಿ ಎತ್ತಿನ ಮಾಂಸ ಬೇಯುತ್ತಿತ್ತು, ಮನೆಯಲ್ಲಿ ಹುದುಗಿಸಿದ ಬಿಯರ್ ಕೈಯಿಂದ ಕೈಗೆ ಹೋಗುತ್ತಿತ್ತು. ದನದ ದೊಡ್ಡಿಯ ಹತ್ತಿರ ಗಂಡಸರು, ಗೋಡೆಯ ನೆರಳಲ್ಲಿ ಹೆಂಗಸರು. ನಡುವೆ ಹೊಸ ಕಂಬಳಿ ಹೊದ್ದು ತಲೆ ತಗ್ಗಿಸಿ ಕೂತ ಹುಡುಗ. ಹೆಂಗಸರ ಮುಂದಿನ ಸಾಲಿನಲ್ಲಿ ನೊಝಮಿಲೆ ಅಜ್ಜಿ ಕೂತಿದ್ದಳು. ಮಣಿಕೆಲಸದ ಮಾತು ಬಂದರೆ ಕೇಯ್ ನದಿಯ ಈಚೆ ಅವಳದೇ ಕೊನೆಯ ತೀರ್ಪು. ನನ್ನನ್ನು ಕಂಡು ಜಾಗ ಮಾಡಿಕೊಟ್ಟಳು.

"ಬಾರೇ ಬಂಗಾರದ ಕೈಯವಳೇ. ನಾನು ಹೋದ್ಮೇಲೆ ನೀನೊಬ್ಬಳೇ ಉಳಿಯೋದು."

ಆ ಮಾತೊಂದೇ ನನ್ನ ಆಸ್ತಿ. ಬೇರೆ ಏನಿದೆ ನನಗೆ?

ಲುಂಗಿಸಾ ಎದ್ದು ನಿಂತ. ಬಿಳಿ ಕಂಬಳಿಯ ಮೇಲೆ ಆ ಪಟ್ಟಿ. ಬಿಸಿಲಿನಲ್ಲಿ ಅದರ ಒಂದೊಂದು ಡೊಂಕೂ ಎದ್ದು ಕಾಣುತ್ತಿತ್ತು. ಹೆಂಗಸರ ಸಾಲಿನಲ್ಲಿ ಪಿಸುಪಿಸು ಶುರುವಾಯಿತು.

"ಅದೇನೇ ಅದು, ಮೀನು ಹಿಡಿಯೋ ಬಲೆನಾ?" ಎಂದಳು ಒಬ್ಬಳು.

ಮುದುಕ ಝೊಲಿಲೆ ಕೋಲೂರಿ ಕೂತಲ್ಲೇ ಕೂಗಿದ. "ತಡಿಯಪ್ಪಾ ಭೇಲೆ! ಬುದ್ಧಿ ಆಮೇಲೆ ಹೇಳುವಿಯಂತೆ. ನಿನ್ನ ಕೊರಳಿಗೆ ಯಾರಪ್ಪಾ ಹಾಕಿದ್ದು?"

ಎಲ್ಲರೂ ಹೆಂಗಸರ ಕಡೆ ತಿರುಗಿದರು. ಯಾರೂ ಏಳಲಿಲ್ಲ. ಗಂಡಸರಲ್ಲೊಬ್ಬ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಲುಂಗಿಸಾ ನನ್ನ ಕಡೆ ನೋಡಲೇ ಇಲ್ಲ. ಹುಡುಗನನ್ನು ನೋಡಿದ, ನೆಲ ನೋಡಿದ, ಉಸಿರೆಳೆದುಕೊಂಡ. ಸತ್ಯ ಹೇಳಲು ಹೊರಟವನ ಉಸಿರು ಅದು. ಅವನು ಅಲ್ಲಿ ಎಷ್ಟು ಒಂಟಿಯಾಗಿ ನಿಂತಿದ್ದನೆಂದರೆ, ನನ್ನ ಕೋಣೆಯಲ್ಲಿ ಒಲೆಯ ಮುಂದೆ ನಿಂತ ನನ್ನನ್ನೇ ನಾನು ದೂರದಿಂದ ನೋಡಿದಂತಾಯಿತು. ನನಗೆ ತಡೆಯಲಾಗಲಿಲ್ಲ.

"ನಾನು," ಎಂದೆ.

ಎದ್ದು ನಿಂತಿದ್ದೆ ಎಂದು ಆಮೇಲೆ ಗೊತ್ತಾಯಿತು.

"ನಾನು ಹಾಕಿದ್ದು. ಮ್ಪಿಂಗಾ ಕುಲದ ನೊಬಾಂಟು."

ಪಿಸುಪಿಸು ನಿಂತಿತು. ನೊಝಮಿಲೆ ಅಜ್ಜಿ ಕತ್ತು ಹೊರಳಿಸಿ ನನ್ನನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಇದಾ? ನೀನಾ?"

"ಹೌದಜ್ಜಿ."

"ಆ ನೀಲಿ ಸಾಲು ನೋಡೇ! ಕುಡಿದಿದ್ಯಾ?"

ನನ್ನ ಇಷ್ಟು ವರ್ಷದ ಹೆಸರು ಅಲ್ಲೇ ಎಲ್ಲರ ಕಣ್ಣೆದುರಿಗೆ ಮಣ್ಣುಪಾಲಾಗುವುದನ್ನು ನೋಡುತ್ತಿದ್ದೆ. ವಿಚಿತ್ರವೆಂದರೆ ಅಷ್ಟೇನೂ ನೋಯಲಿಲ್ಲ.

"ಕೈ ನಡುಗಿಬಿಡ್ತು ಅಜ್ಜಿ," ಎಂದೆ. "ಬೇರೆಯವರ ಗಂಡಂದಿರಿಗೆ ಬೇಕಾದಷ್ಟು ಮಾಡಿದ್ದೀನಿ. ನನ್ನವನಿಗೆ ಅಂತ ಮಾಡಿದ್ದು ಇದೇ ಮೊದಲು."

ಹಿಂಬಾಗಿಲಿಂದ ಬರುವ ಹೆಂಡತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಕಣ್ಣು ಕಿರಿದಾಗಿಸಿ ಪಟ್ಟಿಯ ಅಂಚನ್ನು ನೋಡಿದಳು. ಅವಳಿಗೆ ಗೊತ್ತಾಗಿತ್ತೋ ಏನೋ, ಅವಳ ಕಣ್ಣಿಗೆ ಸುಳ್ಳು ಹೇಳುವುದು ಸುಲಭವಲ್ಲ. ಆಮೇಲೆ ಅವಳೇ ಮೊದಲು ತಲೆಯೆತ್ತಿ ನಾಲಗೆ ಹೊರಳಿಸಿ ಕೂಗು ಹಾಕಿದಳು. ಹಿಂದೆಯೇ ಎಲ್ಲ ಹೆಂಗಸರೂ ಕೂಗಿದರು. ದೊಡ್ಡಿಯ ನಾಯಿಗಳು ಬೊಗಳಿದವು.

ಲುಂಗಿಸಾ ಹುಡುಗನ ಕಡೆ ತಿರುಗಿ, "ಮಗಾ," ಎಂದ. ಮತ್ತೊಮ್ಮೆ, "ಮಗಾ," ಎಂದ.

"ಕೂತ್ಕೊಳ್ಳಪ್ಪಾ," ಎಂದ ಝೊಲಿಲೆ. "ನಿನಗೇ ಯಾರಾದ್ರೂ ಬುದ್ಧಿ ಹೇಳ್ಬೇಕು ಈಗ."

ಊಟವಾದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ನೀರಿನ ಟ್ಯಾಂಕಿನ ಹಿಂದೆ ಬಂದ. ಕೊರಳಿನ ಪಟ್ಟಿಯನ್ನು ಹಿಡಿದುಕೊಂಡೇ ನಿಂತಿದ್ದ.

"ಇನ್ಮೇಲೆ ನಿನ್ನ ಹತ್ರ ಯಾರೂ ಮಣಿಪಟ್ಟಿ ಮಾಡಿಸ್ಕೊಳ್ಳಲ್ಲ, ನೊಬಾಂಟು."

"ಗೊತ್ತು."

"ಅಷ್ಟು ಜನರ ಮುಂದೆ ಸುಳ್ಳು ಹೇಳಿದೆ."

"ಮಣಿ ವಿಷಯದಲ್ಲಿ ಮಾತ್ರ," ಎಂದೆ.

ಅವನ ಕೈ ನನ್ನ ಕೈಯ ಕಡೆ ನಿಧಾನವಾಗಿ ಬಂತು. ಈ ಸಲ ನಾನು ಪೆಟ್ಟು ಕೊಡಲಿಲ್ಲ.