ಎರಡನೇ ವೈರು

ಬಾಗಿಲು ತೆರೆದದ್ದು ಶಿವಲಿಂಗವ್ವ. ಐದು ವರ್ಷದ ಹಿಂದೆ ನನಗೆ ಅತ್ತೆಯಾಗಬೇಕಿದ್ದವರು.

ಟೂಲ್ ಬ್ಯಾಗನ್ನು ಹೊಸ್ತಿಲ ಹೊರಗೇ ಕುಕ್ಕಿದೆ. ಬಾಳಾಸಾಹೇಬರು, ಅಂದರೆ ಬೆಳಗಾವಿಯ ನಮ್ಮ ಎ.ಸಿ. ಅಂಗಡಿಯ ಮಾಲೀಕರು, ಚೀಟಿಯಲ್ಲಿ ಬರೆದುಕೊಟ್ಟದ್ದು ಖಾನಾಪುರದ ವಿಳಾಸ. ಇವರ ಮನೆ ನಂದಗಡದಲ್ಲಿತ್ತು. ಇಲ್ಲಿಗೆ ಬಂದಿದ್ದಾರೆಂದು ನನಗೇನು ಕನಸು ಬಿದ್ದಿತ್ತೇ?

"ದುಂಡಪ್ಪಾ, ನೀನಾ?" ಅಂದರು ಅವರು. "ಎ.ಸಿ. ಅಂಗಡ್ಯಾಗಿಂದ ಯಾರೋ ಬರ್ತಾರಂತ ದಾರಿ ನೋಡಾಕ ಹತ್ತಿದ್ದೆ."

"ನಾನ ಬಂದೇನ್ರಿ. ಇರ್ಲಿ, ನಾಳಿಗೆ ಬ್ಯಾರೆಯವರನ್ನ ಕಳಸ್ತೀನಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಈ ಮನೆಯ ಮಗಳು ಪ್ರಮಿಳಾ, ಆಗ ನಂದಗಡದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನಿಶ್ಚಯವಾದ ಮೇಲೆ ನಾಲ್ಕು ತಿಂಗಳು ಪ್ರತಿ ರವಿವಾರ ಬಸ್ಸು ಹತ್ತಿ ಬೆಳಗಾವಿಗೆ ಬರುತ್ತಿದ್ದಳು. ಕೋಟೆ ಕೆರೆಯ ದಂಡೆಯಲ್ಲಿ ಕುಳಿತು ನನ್ನ ಕಾಲೆಳೆಯುತ್ತಿದ್ದಳು. ಐದನೇ ತಿಂಗಳು ಸೋದರಮಾವನ ಕೈಯಲ್ಲಿ ಉಂಗುರ ವಾಪಸ್ ಕಳಿಸಿದಳು. ಕಾರಣ ಹೇಳಲಿಲ್ಲ, ಫೋನು ಎತ್ತಲಿಲ್ಲ. ಗಣಿತದ ಮೇಡಂಗೆ ಮೆಕ್ಯಾನಿಕ್ ಗಂಡ ಸಾಲಲಿಲ್ಲ ಅಂತ ನಾನೇ ಒಂದು ಕಾರಣ ಹುಡುಕಿಕೊಂಡು, ಅದನ್ನೇ ಐದು ವರ್ಷ ಸಾಕಿದೆ.

"ಯಾರವ್ವಾ?" ಒಳಗಿನಿಂದ ದನಿ ಬಂತು. ನಾಲಿಗೆ ಹೊರಳದೆ ಒಂದೊಂದೇ ಅಕ್ಷರ ಎಳೆದು ತರುವ ದನಿ. ಮನೆಯಲ್ಲಿ ಯಾರೋ ಮುದುಕಿ ಇರಬೇಕು ಅಂದುಕೊಂಡೆ.

ಬಾಗಿಲ ಸಂದಿಯಿಂದ ಕಂಡದ್ದು ಗಾಲಿಕುರ್ಚಿ. ಅದರಲ್ಲಿ ಪ್ರಮಿಳಾ ಇದ್ದಳು.

ಕೂದಲು ಗಿಡ್ಡವಾಗಿ ಕತ್ತರಿಸಿದ್ದರು. ಬಲಗೈಗೆ ಪ್ಲಾಸ್ಟರ್. ಮುಖ ಅರ್ಧಕ್ಕೆ ಇಳಿದಿತ್ತು. ಕಣ್ಣು ಮಾತ್ರ ಹಳೆಯವೇ, ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದವನನ್ನು ಹುಡುಕಿ ಹಿಡಿಯುವ ಕಣ್ಣು. ನನ್ನನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು.

"ದುಂಡಪ್ಪ ಅಂತ ಹೆಸರಿಟ್ಕೊಂಡು ಇನ್ನೂ ಕಡ್ಡಿ ಹಂಗ ಅದೀಯಲ್ಲೋ."

ಐದು ವರ್ಷದಿಂದ ಮಸೆದಿಟ್ಟ ಒಂದು ಮಾತೂ ಬಾಯಿಗೆ ಬರಲಿಲ್ಲ. "ಏನಾಗೇತಿ ನಿನಗ?" ಅಂದೆ.

"ಮೊದಲ ಮಷಿನ್ ನೋಡು. ಆಮ್ಯಾಲ ನನ್ನ ನೋಡೀಯಂತ."

ಬ್ಯಾಗ್ ಎತ್ತಿಕೊಂಡು ಒಳಗೆ ನಡೆದೆ. ಶಿವಲಿಂಗವ್ವ ನನ್ನ ಹಿಂದೆಯೇ ಪಡಸಾಲೆಗೆ ಬಂದು, ದನಿ ತಗ್ಗಿಸಿ ಹೇಳಿದರು. "ನರದ ರೋಗಪ್ಪಾ. ವಾಸಿ ಆಗಾಂಗಿಲ್ಲಂತ. ಮೈ ಕಾದ್ರ ಸಾಕು, ಕೈಕಾಲಾಗಿನ ಜೀವಾನ ಹೋಗ್ತೈತಿ. ಮನಿ ಥಂಡ ಇಡ್ರಿ ಅಂತ ಡಾಕ್ಟರು ಹೇಳಿದ್ರು. ಇಕಿ ಅಪ್ಪ ಕಣ್ಣು ಮುಚ್ಚೂಕಿಂತ ಮೊದಲ ಇದನ್ನ ಹಾಕಿಸಿ ಹ್ವಾದ್ರು."

ಮಷಿನ್ ಒಳ್ಳೆಯದೇ. ಇಡೀ ಮನೆಗೆ ಗಾಳಿ ಹಂಚುವ ಟೂ-ಸ್ಟೇಜ್ ಎ.ಸಿ. ಸಾಧಾರಣ ದಿನ ಮೆಲ್ಲಗೆ, ಬಹಳ ಹೊತ್ತು ಓಡಿ ತಂಪನ್ನು ಒಂದೇ ಸಮ ಇಡುತ್ತದೆ, ಗಾಳಿಯ ಹಸಿಯನ್ನೂ ಹೀರುತ್ತದೆ. ಬಿಸಿಲು ಏರಿದಾಗ ಎರಡನೇ ಹಂತಕ್ಕೆ ಹೋಗಿ ಜೋರಾಗಿ ಓಡುತ್ತದೆ. ಆದರೆ ಮಷಿನ್ ತಾನೇ ತಾನಾಗಿ ಏನನ್ನೂ ಮಾಡುವುದಿಲ್ಲ. ಗೋಡೆಯ ಮೇಲಿನ ಥರ್ಮೋಸ್ಟಾಟ್, ನಮ್ಮ ಬಾಯಲ್ಲಿ ಕಂಟ್ರೋಲು, ಹೇಳಬೇಕು. ಮೆಲ್ಲಗೆ ಓಡು ಅನ್ನುವುದಕ್ಕೆ ಒಂದು ವೈರು, ಜೋರಾಗಿ ಓಡು ಅನ್ನುವುದಕ್ಕೆ ಇನ್ನೊಂದು.

ಅಡುಗೆಮನೆ ಪಕ್ಕದ ಗೋಡೆಯಲ್ಲಿದ್ದ ಕಂಟ್ರೋಲಿನ ಮುಚ್ಚಳ ಬಿಚ್ಚಿದೆ. ಒಂದೇ ಹಂತದ ಮಷಿನ್ನಿಗೆ ಹಾಕುವ ಸಾದಾ ಕಂಟ್ರೋಲು. ಎರಡನೇ ವೈರಿಗೆ ಜೋಡಿಸಲು ಜಾಗವೇ ಇಲ್ಲ. ಅದಕ್ಕೆ ಕರಿ ಟೇಪ್ ಸುತ್ತಿ ಮಡಚಿ ಒಳಗೆ ತುರುಕಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಯಾವ ಶಾಣ್ಯಾ ಇದನ್ನ ಹಾಕಂದಾ? ಇದರಾಗ ಮಷಿನ್ ಜೋರ್ ಓಡೂದ ಇಲ್ಲ! ಹೇಳಿದಾವನ್ನ ಚಪ್ಪಲಿಲೇ ಹೊಡೀಬೇಕು."

ಪ್ರಮಿಳಾ ಎಡಗೈಯಿಂದ ಕುರ್ಚಿ ತಳ್ಳಿಕೊಂಡು ಪಡಸಾಲೆಯ ಬಾಗಿಲಿಗೆ ಬಂದಿದ್ದಳು.

"ಚಪ್ಪಲಿ ಹೊರಗ ಅದಾವ," ಅಂದಳು.

"ಯಾರಂವ, ಹೇಳು."

"ನೀನ."

ನಾನು ನಕ್ಕೆ. ಅವಳು ನಗಲಿಲ್ಲ.

ಆಗ ಆ ದನಿ ನೆನಪಾಯಿತು. ಇದೇ ವರ್ಷದ ಫೆಬ್ರುವರಿ ತಿಂಗಳು, ಅಂಗಡಿ ತುಂಬ ಗಿರಾಕಿಗಳು. ಯಾರೋ ಹೆಂಗಸು ಫೋನ್ ಮಾಡಿ, ಕರೆಂಟು ಒಮ್ಮೆಲೇ ಏರಿ ಕಂಟ್ರೋಲು ಸುಟ್ಟಿದೆ, ಟೂ-ಸ್ಟೇಜ್ ಮಷಿನ್ನಿಗೆ ಯಾವುದು ಹಾಕಿಸಬೇಕು ಅಂತ ತೊದಲಿಕೊಂಡು ಕೇಳಿದ್ದಳು. ಅರ್ಧ ಮಾತು ತಿಳಿಯಲಿಲ್ಲ. "ಅಕ್ಕಾರ, ಮುಂಜಾನೆದ್ದು ಕುಡಿದೀರೇನ್ರಿ? ಯಾವದರ ಹಾಕಿಸ್ರಿ, ಎಲ್ಲಾ ಒಂದ," ಅಂದು ಫೋನ್ ಇಟ್ಟಿದ್ದೆ. ಆಮೇಲೆ ಅವಳ ತೊದಲನ್ನು ಅಣಕಿಸಿ ತೋರಿಸಿ ಇಡೀ ಅಂಗಡಿಯನ್ನು ನಗಿಸಿದ್ದೆ.

"ನಾನು ಅಂತ ಗೊತ್ತಿತ್ತೇನು ನಿನಗ?"

"ಹಲೋ ಅಂದ ಕೂಡ್ಲೆ ಗೊತ್ತಾತು. ಹೆಸರು ಹೇಳೂಣು ಅಂತ ಬಾಯಿ ತೆಗದೆ. ಅಷ್ಟರಾಗ ನೀ ಕುಡಿದೀರೇನು ಅಂದಿ."

"ಅಷ್ಟಾದ್ರೂ ಆ ಮಾತು ಕೇಳಿ ಇದನ್ನ ಹಾಕಿಸಿದಿ?"

"ಮಷಿನ್ ವಿಷಯದಾಗ ನೀ ತಪ್ಪು ಹೇಳಾಂಗಿಲ್ಲ ಅಂತ ತಿಳಕೊಂಡಿದ್ದೆ."

ಅದಕ್ಕಿಂತ ಅವಳು ಚಪ್ಪಲಿಯನ್ನೇ ತಂದಿದ್ದರೆ ಚೆನ್ನಾಗಿತ್ತು.

ಉಳಿದದ್ದನ್ನು ಅವಳೇ ಹೇಳಿದಳು, ತಡೆದು ತಡೆದು. ಹದಿನೈದು ದಿನದ ಹಿಂದೆ ಮಧ್ಯಾಹ್ನ, ಅವ್ವ ಗಿರಣಿಗೆ ಹೋಗಿದ್ದಾಗ, ಮಷಿನ್ ಮೆಲ್ಲಗೇ ಓಡುತ್ತಿತ್ತು, ಮನೆ ಮಾತ್ರ ಕಾಯುತ್ತಿತ್ತು. ಆಗಿನ್ನೂ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ಕಂಟ್ರೋಲಿನ ನಂಬರ್ ಇಳಿಸೋಣ ಅಂತ ಎದ್ದು ಬಂದಳು. ಇಲ್ಲೇ, ನಾನು ನಿಂತಿದ್ದ ಜಾಗದಲ್ಲೇ, ಮೊಣಕಾಲು ಕೈಕೊಟ್ಟವು. ಅದುವರೆಗೆ ನೆಟ್ಟಗಿದ್ದ ಬಲಗೈ ಮುರಿಯಿತು.

"ಅವ್ವ ಬರೂತನಕ ನೆಲದ ಮ್ಯಾಲ ಇದ್ದೆ. ಮ್ಯಾಲೆ ನಂಬರ್ ಕಾಣತಿತ್ತು. ಮೂವತ್ನಾಲ್ಕು. ಮೂವತ್ತೈದು. ಓದಕೋತ ಮಲಗಿದ್ದೆ."

ಕೆಲಸ ಮಾಡದೆ ಬೇರೆ ದಾರಿ ಇರಲಿಲ್ಲ. ಯಾವುದು ಬೇಕಾಗುತ್ತದೋ ಎಂದು ಬ್ಯಾಗಿನಲ್ಲಿ ಎರಡು ಕಂಟ್ರೋಲು ತಂದಿದ್ದೆ. ಎರಡನ್ನೂ ಅವಳ ತೊಡೆಯ ಮೇಲಿಟ್ಟೆ. ಫೆಬ್ರುವರಿಯಲ್ಲಿ ಆಡಬೇಕಿದ್ದ ಮಾತನ್ನು ಈಗ ಆಡಿದೆ.

"ಇದು ಗಡಿಯಾರ ನೋಡಿ ಕೆಲಸಾ ಮಾಡ್ತೈತಿ. ಹತ್ತು ನಿಮಿಷ ಮೆಲ್ಲಕ ಓಡಿಸ್ತೈತಿ, ಥಂಡ ಆಗಲಿಲ್ಲಂದ್ರ ಆಮ್ಯಾಲ ಜೋರ್ ಮಾಡ್ತೈತಿ. ನಿನಗ ಹತ್ತು ನಿಮಿಷ ಕಾಯಾಕ ಆಗೂದಿಲ್ಲ. ಇದನ್ನ ನೋಡು. ಒಂದ ಡಿಗ್ರಿ ಹೆಚ್ಚಾತಂದ್ರ ತಾನ ಜೋರ್ ಓಡಿಸ್ತೈತಿ. ಇದಕ್ಕ ಬ್ಯಾರೆ ಸೆನ್ಸರ್ ಐತಿ, ನಿನ್ನ ಹಾಸಗಿ ಬಾಜೂಕ ಹಚ್ತೀನಿ. ಒಲಿ ಬಾಜುದ ಗ್ವಾಡಿ ಬಿಸಿ ಅಳೆದು ಏನ್ ಮಾಡೂದು?"

"ಗುಂಡಿ ಒತ್ತಬೇಕಾಗ್ತೈತೇನು?"

"ಒಮ್ಮೆ ಹೊಂದಿಸಿದ್ರ ಸಾಕು."

"ಹಂಗಾದ್ರ ಇದನ್ನ ಹಾಕು. ಮುಂದಿನ ವರ್ಷ ಎಡಗೈನೂ ಮಾತು ಕೇಳ್ತೈತೋ ಇಲ್ಲೋ."

ಹವಾಮಾನದ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದಳು. ನಾನು ಎರಡನೇ ವೈರಿನ ಟೇಪ್ ಸುಲಿದು, ತುದಿ ಕೆರೆದು, ಹೊಸ ಕಂಟ್ರೋಲಿಗೆ ಬಿಗಿದೆ. ಸ್ವಲ್ಪ ಹೊತ್ತಿಗೆ ಹೊರಗೆ ಕಂಪ್ರೆಸರ್ ಸದ್ದು ಏರಿತು. ಕೋಣೆಯ ಜಾಲರಿಯಿಂದ ತಂಪು ಗಾಳಿ ರಭಸದಿಂದ ಬಂದು ಅವಳ ಗಿಡ್ಡ ಕೂದಲನ್ನು ಹಾರಿಸಿತು. ಪ್ರಮಿಳಾ ಕಣ್ಣು ಮುಚ್ಚಿದಳು. ನಾನು ಅವಳ ಕುರ್ಚಿಯ ಹತ್ತಿರ ನೆಲದ ಮೇಲೆ ಕುಳಿತೆ.

"ಉಂಗುರಾ ಯಾಕ ಕಳಸಿದಿ?"

"ರೋಗದ ಹೆಸರು ಹೇಳಿದ್ರ ನೀ ಬಿಡ್ತಿರಲಿಲ್ಲ. ಅದಕ್ಕ ನಾನ ಬಿಟ್ಟೆ."

"ನನ್ನ ಒಂದ ಮಾತು ಕೇಳಬೇಕಿತ್ತಲ್ಲ, ಪ್ರಮೀ. ದಿನಾ ಬೈದೇನಿ ನಿನ್ನ. ಐದು ವರ್ಷ, ಒಂದ ದಿನಾ ಬಿಟ್ಟಿಲ್ಲ. ಬೈಯಾಕರ ನನಗ ದಿನಾ ನೀನ ಬೇಕಾಗಿದ್ದಿ." ಅವಳ ಕುರ್ಚಿಯ ಗಾಲಿ ಹಿಡಿದೆ. "ಈಗರ ಲಗ್ನ ಆಗೂಣು."

ಕಣ್ಣು ತೆರೆದು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಆಸೆ ಇತ್ತು, ನನಗೆ ಕಂಡಿತು. ಅದರ ಹಿಂದೆಯೇ ಅವಳಿಗೆ ಸಿಟ್ಟೂ ಬಂತು.

"ನಿನ್ನಿಂದ ನನ್ನ ಕೈ ಮುರೀತಂತ ಪಾಪ ತೊಳಕೊಳ್ಳಾಕ ಬರಬ್ಯಾಡ."

"ಪಾಪ ಐತಿ, ಇಲ್ಲನ್ನೂದಿಲ್ಲ. ಅದರ ಸಲುವಾಗಿ ಅಲ್ಲ."

ಎಡಗೈಯನ್ನು ನನ್ನ ಕಡೆ ಚಾಚಿದಳು. ಆಮೇಲೆ, "ಎತ್ತು ನನ್ನ," ಅಂದಳು. "ಸಂಡಾಸಕ್ಕ ಹೋಗಬೇಕು."

ಶಿವಲಿಂಗವ್ವ ಗಾಬರಿಯಾದರು. "ಏ ಪ್ರಮೀ, ತೆಲಿ ಕೆಟ್ಟೈತೇನ ನಿನಗ? ಲಗ್ನ ಆಗಲಾರದ ಗಂಡಸು..."

"ಕನ್ಯಾ ನೋಡಾಕ ಬಂದಾಗ ರೇಷ್ಮಿ ಸೀರಿ ಉಡಿಸಿ, ಕೈಯಾಗ ಚಾದ ಟ್ರೇ ಕೊಟ್ಟು ಕಳಸಿದ್ದಿ, ಅವ್ವಾ. ಅದನ್ನ ನೋಡಿ ಹೂಂ ಅಂದಿದ್ದಾ ಅಂವ. ಈಗ ಇದನ್ನ ನೋಡ್ಲಿ. ಆಮ್ಯಾಲ ಬೇಕಾದ್ರ ಹೂಂ ಅನ್ಲಿ."

ಎತ್ತಿದೆ. ಅಷ್ಟು ಸೊರಗಿದ ಮೈ ಅಷ್ಟು ಭಾರವಿದ್ದೀತೆಂದು ಗೊತ್ತಿರಲಿಲ್ಲ. ಕಾಲುಗಳು ಅವಳ ಮಾತನ್ನೂ ಕೇಳಲಿಲ್ಲ, ನನ್ನದನ್ನೂ ಕೇಳಲಿಲ್ಲ. ಬಾಗಿಲ ಚೌಕಟ್ಟಿಗೆ ಪ್ಲಾಸ್ಟರ್ ಬಡಿಯಿತು. ಹಲ್ಲು ಕಚ್ಚಿಕೊಂಡಳು, ಆದರೆ ಹಾ ಅನ್ನಲಿಲ್ಲ. ಒಳಗೆ ತಲುಪುವಷ್ಟರಲ್ಲಿ ತಡವಾಗಿತ್ತು. ಅವಳ ಬಟ್ಟೆ ಒದ್ದೆಯಾಗಿತ್ತು, ನನ್ನ ತೋಳೂ ಒದ್ದೆಯಾಗಿತ್ತು. ಅವಳು ಮುಖ ಗೋಡೆಗೆ ತಿರುಗಿಸಿದಳು.

"ಹೊರಗ ನಿಂದ್ರು," ಅಂದಳು.

ಅವಳನ್ನು ಕೂರಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಸುಳ್ಳು ಯಾಕೆ ಹೇಳಲಿ, ನನಗೆ ಹೆದರಿಕೆಯಾಯಿತು. ನಾಳೆಯೂ ಇದೇ, ನಾಡಿದ್ದೂ ಇದೇ, ಮುಂದೆ ಇದಕ್ಕಿಂತ ಹೆಚ್ಚು. ಬೈಕಿನ ಕೀಲಿ ಜೇಬಿನಲ್ಲೇ ಇತ್ತು. ಕಣ್ಣು ಒಮ್ಮೆ ಬೀದಿ ಬಾಗಿಲ ಕಡೆ ಹೋಯಿತು. ಶಿವಲಿಂಗವ್ವ ಅದನ್ನು ನೋಡಿಬಿಟ್ಟರು.

"ಹೋಗಾಂವ ಆದ್ರ ಈಗ ಹೋಗಪ್ಪಾ," ಅಂದರು ಮೆಲ್ಲಗೆ. "ನಾ ಏನೂ ತಿಳಕೊಳ್ಳಾಂಗಿಲ್ಲ. ಆರು ತಿಂಗಳ ಇದ್ದು ಹೋಗಬ್ಯಾಡ."

ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಒಳಗೆ ತಂಬಿಗೆ ಬಿದ್ದ ಸದ್ದಾಯಿತು.

"ಅವ್ವಾ," ಅಂತ ಕರೆದಳು ಪ್ರಮಿಳಾ.

ಶಿವಲಿಂಗವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ನೀ ಬರಬ್ಯಾಡ. ಅಂವ ಇನ್ನೂ ಅದಾನೇನು?"

"ಅದೇನಿ," ಅಂದೆ ನಾನು.

ಅಳುತ್ತಿದ್ದಳೋ ಏನೋ, ಬಾಗಿಲ ಹೊರಗೆ ತಿಳಿಯಲಿಲ್ಲ.

"ಹಂಗಾದ್ರ ಬಾ," ಅಂದಳು. "ನನ್ನ ತೊಳಿ."

ನಾನು ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದೆ.