ಹನ್ನೊಂದು ಬಲಗಿವಿಗಳು

ಒಂದೇ ತಿಂಗಳಲ್ಲಿ ನಮ್ಮ ಆಸ್ಪತ್ರೆಯ ಹನ್ನೊಂದು ನೌಕರರ ಬಲಗಿವಿ ಹೋಗಿತ್ತು. ಎಡಗಿವಿ ಮಾತ್ರ ನೆಟ್ಟಗಿತ್ತು. ಶ್ರವಣ ಪರೀಕ್ಷೆಯ ವರದಿಗಳ ಕಟ್ಟು ನೋಡಿದ ಅಧೀಕ್ಷಕರು, "ಎಲ್ಲಾ ಜಾಣಗಿವುಡು. ಕೆಲಸ ತಪ್ಪಿಸ್ಕೊಳ್ಳೋ ಆಟ" ಎಂದರು. ಮೊದಲ ಪೆಟ್ಟು ಮುರಿದ ಕೈಕಾಲಿನ ಪ್ಲಾಸ್ಟರ್ ಕತ್ತರಿಸುವ, ನಾವೆಲ್ಲ ಅಣ್ಣ ಎನ್ನುವವನಿಗೆ. ಅವನನ್ನು ತೆಗೆದುಹಾಕುವ ಆದೇಶ ಸಂಜೆಯೊಳಗೆ ಟೈಪ್ ಆಗಬೇಕು. ಟೈಪ್ ಮಾಡುವ ಗುಮಾಸ್ತ ನಾನೇ.

ಮನಸ್ಸಾಗದೆ ದೊಡ್ಡ ಸಿಸ್ಟರ್ ಬಳಿಗೆ ಹೋದೆ. ಮೂವತ್ತು ವರ್ಷ ವಾರ್ಡಿನಲ್ಲಿ ನಿಂತು ಕಾಲು ಬಾತ ಹಿರಿಯ ನರ್ಸ್. ಏನು ಕಳೆದರೂ ಹುಡುಕಿಕೊಡುವವರು ಅವರೇ.

"ಕಿವೀನೂ ನಾನೇ ಹುಡುಕಬೇಕಾ?" ಎನ್ನುತ್ತಾ ಎದ್ದರು.

ಪ್ಲಾಸ್ಟರ್ ಕೋಣೆಯಲ್ಲಿ ಗರಗಸ ಕಿರುಚುತ್ತಿತ್ತು. ಅಣ್ಣ ಅದನ್ನು ನಿಲ್ಲಿಸಿ ಕಿವಿಗಳಿಂದ ಸ್ಪಂಜಿನ ಬಿರಡೆ ತೆಗೆದ.

"ದಿನಾ ಹಾಕ್ತೀಯಾ?" ಸಿಸ್ಟರ್ ಕೇಳಿದರು.

"ಎರಡು ವರ್ಷದಿಂದ. ಕಿವಿ ಮೇಡಂ ಕೊಟ್ಟಿದ್ದು. ಹಾಕದಿದ್ರೆ ಬೈತಾರೆ."

"ಕಿವೀಲಿ ಗುಂಯ್ ಅನ್ನತ್ತಾ?"

"ಮುಂಚೆ ಸಂಜೆ ಹೊತ್ತು ಅನ್ತಿತ್ತು. ಈಗಿಲ್ಲ ಸಿಸ್ಟರ್."

ಅಷ್ಟರಲ್ಲಿ ಹೆಂಡತಿಯ ಫೋನು. ಎಡಗೈಯಲ್ಲಿ ಗರಗಸ ಹಿಡಿದೇ, ಫೋನನ್ನು ಬಲಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೆಲಸಕ್ಕೇನೂ ತೊಂದರೆಯಿಲ್ಲ ಎಂದು ಸುಳ್ಳು ಹೇಳಿದ.

ಶ್ರವಣ ಪರೀಕ್ಷೆಯ ಕೋಣೆಯಲ್ಲಿ, ನೌಕರರ ಕಿವಿ ಪರೀಕ್ಷಿಸುವ ಕಿವಿ ಮೇಡಂ ಒಬ್ಬರೇ ಇದ್ದರು. ನಿದ್ದೆಗೆಟ್ಟ ಕಣ್ಣು. ಪರೀಕ್ಷೆಗೆ ಮೊದಲು ಹೆಡ್‌ಫೋನನ್ನು ದಿನವೂ ತಾವೇ ಕೇಳಿ ನೋಡುವುದು ಅವರ ಪದ್ಧತಿ. ಪುಸ್ತಕದಲ್ಲಿ ಇಂದಿನವರೆಗೂ ಒಂದೇ ಬರಹ— ಎಡ ಸರಿ, ಬಲ ಸರಿ, ಸಹಿ.

ಸಿಸ್ಟರ್ ಯಂತ್ರ ಚಾಲೂ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಆಮೇಲೆ ನನಗೆ ಕೊಟ್ಟರು. ಎಡಕ್ಕೆ ಸಣ್ಣ ಶಿಳ್ಳೆ. ಬಲಕ್ಕೆ ಏನೂ ಇಲ್ಲ.

"ವೈರು ಒಳಗೇ ತುಂಡಾಗಿದೆ," ಎಂದರು ಸಿಸ್ಟರ್. "ಅಣ್ಣ ಫೋನ್ ಇಟ್ಟಿದ್ದು ಬಲಗಿವಿಗೆ. ನಾಟಕ ಆಡೋನು ನಮ್ಮೆದುರೇ ಆ ಕಿವಿಗೆ ಇಡ್ತಾನಾ? ಹಾಗಾದ್ರೆ ತಪ್ಪು ಕಿವಿಯದ್ದಲ್ಲ, ಯಂತ್ರದ್ದು. ಆದ್ರೆ ಸುಳ್ಳು ಸಹಿ ಹಾಕೋರಲ್ಲ ನೀವು. ಸದ್ದೇ ಇಲ್ಲದ ಕಡೆ ದಿನಾ ಏನು ಕೇಳಿಸ್ತು ಮೇಡಂ?"

ಮೇಡಂ ಸಹಿಯ ಪುಸ್ತಕ ಮುಚ್ಚಿದರು.

"ಅದೇ ಶಿಳ್ಳೆ. ಮೂರು ವರ್ಷದಿಂದ ಬಲಗಿವೀಲಿ ನಿಂತೇ ಇಲ್ಲ. ಹೆಡ್‌ಫೋನ್ ಹಾಕ್ಕೊಂಡಾಗ ಅದನ್ನೇ ಯಂತ್ರದ್ದು ಅನ್ಕೊಂಡೆ. ಗದ್ದಲ ಅಳೆಯೋಕೆ ಹೋದಾಗೆಲ್ಲ ಎಲ್ಲರ ಕಿವಿಗೂ ಬಿರಡೆ ಹಾಕ್ಸಿ, ನಾನು ಬರಿಗಿವೀಲಿ ನಿಂತೆ. ಹೇಳಿದ್ರೆ ಈ ಕೆಲಸ ಹೋಗತ್ತೆ ಅಂತ ಬಾಯಿ ಮುಚ್ಕೊಂಡೆ."

ದೀಪದ ಬುಡದಲ್ಲೇ ಕತ್ತಲೆ. ಬೈಯಲೂ ಮನಸ್ಸು ಬರಲಿಲ್ಲ.

ಕಪಾಟಿನಿಂದ ಬೇರೆ ಹೆಡ್‌ಫೋನ್ ತೆಗೆದು ಅಣ್ಣನನ್ನು ಕರೆಸಿದೆವು. ಎರಡೂ ಕಿವಿ ಸರಿಯಾಗಿದ್ದವು. ಟೈಪ್ ಮಾಡಬೇಕಿದ್ದ ಆದೇಶದ ಕರಡನ್ನು ನಾನು ಹರಿದುಹಾಕಿದೆ.

"ಈಗ ನೀವು ಕೂತ್ಕೊಳ್ಳಿ," ಎಂದು ಸಿಸ್ಟರ್ ಮೇಡಂಗೆ ಹೇಳಿದರು. "ನಾಳೆ ಸಾಹೇಬರ ಹತ್ರ ನಾನೂ ಬರ್ತೀನಿ."

ಮೇಡಂ ಹೆಡ್‌ಫೋನ್ ಹಾಕಿಕೊಂಡು, ಗಾಜಿನ ಗೂಡಿನೊಳಗೆ ಪರೀಕ್ಷೆಗೆ ಬಂದವರ ಕುರ್ಚಿಯಲ್ಲಿ ಮೊದಲ ಸಲ ಕುಳಿತರು. ಸದ್ದು ಕೇಳಿಸಿದಾಗ ಒತ್ತಬೇಕಾದ ಗುಂಡಿ ಕೈಯಲ್ಲಿತ್ತು. ದಪ್ಪ ಬಾಗಿಲು ಮುಚ್ಚಿತು. ಸಿಸ್ಟರ್ ಕನ್ನಡಕ ಹುಡುಕುತ್ತಿದ್ದರು, ಯಂತ್ರವನ್ನಿನ್ನೂ ಚಾಲೂ ಮಾಡಿರಲಿಲ್ಲ.

ಗಾಜಿನಾಚೆ ಮೇಡಂ ಕಣ್ಣುಮುಚ್ಚಿ ಆಗಲೇ ಗುಂಡಿ ಒತ್ತಿದ್ದರು.